ಗಂಜಿ ಬೇಡ, ಇಂಜೆಕ್ಷನ್ ಆಗಬಹುದು

ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದು, ನೋಡಿಕೊಳ್ಳಲು ಹೋಂ ನರ್ಸ್ ಬೇಕಾದಾಗ ನಮ್ಮ ಕಡೆ ಜನ ಮೊದಲು ಕೇಳುವುದು ‘ಯಾವ ಜನ?’ ಎಂದು. ಏನು ಓದಿದ್ದಾಳೆ, ಎಷ್ಟು ವರ್ಷ ಕೆಲಸ ಮಾಡಿದ್ದಾಳೆ ಎಂಬ ಪ್ರಶ್ನೆಗಳೆಲ್ಲ ಅದರ ನಂತರ. ಮೂಡಿಗೆರೆ, ಚಿಕ್ಕಮಗಳೂರು, ಸಕಲೇಶಪುರ, ಬೇಲೂರು ಕಡೆಯ ಮನೆಗಳಿಂದ ಆಪ್ತಸಲಹೆಗೆಂದು ನನ್ನ ಬಳಿ ಬರುವವರಲ್ಲಿ ಇದು ಪದೇ ಪದೇ ಎದುರಾಗುತ್ತದೆ. ಹೇಳಿಕೊಂಡು ಬರುವ ತೊಂದರೆ ಬೇರೆಯೇ ಇರುತ್ತದೆ. ಅಮ್ಮನಿಗೆ ನಿದ್ದೆ ಇಲ್ಲ, ಅಪ್ಪ ಎಲ್ಲರ ಮೇಲೂ ರೇಗುತ್ತಾರೆ, ಸೊಸೆಗೂ ಅತ್ತೆಗೂ ಆಗುತ್ತಿಲ್ಲ, ಊಟ ಬಿಟ್ಟಿದ್ದಾರೆ. ಸ್ವಲ್ಪ ಕೆದಕಿದರೆ ತಳದಲ್ಲಿ ‘ಯಾವ ಜನ’ ಕೂತಿರುತ್ತದೆ. ಇಂಥ ಪ್ರಕರಣಗಳಲ್ಲಿ ನನ್ನನ್ನು ತುಂಬಾ ಕಾಡಿದ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧಪಟ್ಟ ಇಬ್ಬರು ಹೆಂಗಸರ ಒಪ್ಪಿಗೆಯೂ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಇಬ್ಬರಲ್ಲಿ ಹಿರಿಯಾಕೆಯನ್ನು ಇಲ್ಲಿ ‘ಅಮ್ಮ’ ಎನ್ನುತ್ತೇನೆ. ಅವರಿಗೆ ಅರವತ್ತೈದು ದಾಟಿದೆ. ಮೂಡಿಗೆರೆ ಕಡೆ ಕಾಫಿ ತೋಟ. ಗಂಡ ತೀರಿಕೊಂಡ ಮೇಲೆ ತೋಟ, ಆಳುಕಾಳು, ಲೆಕ್ಕಪತ್ರ ಎಲ್ಲವನ್ನೂ ತಾವೇ ನೋಡಿ, ಮಗನ ಕೈಗೆ ಒಪ್ಪಿಸಿದವರು. ಕುಯ್ಲಿನ ಸಮಯದಲ್ಲಿ ಕಣದಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಹಾಸನದಲ್ಲಿ ಆಪರೇಷನ್ ಆಯಿತು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇದೆ, ದಿನಕ್ಕೆರಡು ಹೊತ್ತು ಇನ್ಸುಲಿನ್. ಮಕ್ಕಳ ಓದಿಗಾಗಿ ಸೊಸೆ ಬೆಂಗಳೂರಲ್ಲಿ. ಮನೆಯಲ್ಲಿ ತಾಯಿ ಮತ್ತು ಮಗ ಮಾತ್ರ. ಆಗ ಸಿಕ್ಕವಳು ಅದೇ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಹುಟ್ಟಿ ಬೆಳೆದ ಹುಡುಗಿ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾಡಿ ಹಾಸನದಲ್ಲಿ ನರ್ಸ್ ಆಗಿದ್ದಳು. ತನ್ನ ತಾಯಿಗೂ ಹುಷಾರಿಲ್ಲದೆ ಊರಿಗೆ ಬಂದಿದ್ದಳು. ಪರಿಶಿಷ್ಟ ಜಾತಿಯವಳು. ಹೈಸ್ಕೂಲಿನಿಂದ ಅವಳ ಫೀಸು ಕಟ್ಟಿದ್ದು ಈ ಅಮ್ಮನೇ.

ಅಮ್ಮ ಅವಳಿಂದ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದರು. ಮೈ ಒರೆಸಿಕೊಳ್ಳುತ್ತಿದ್ದರು. ಬೆಡ್‌ಪ್ಯಾನ್ ಇಡಿಸಿಕೊಳ್ಳುತ್ತಿದ್ದರು. ಅವಳು ಮಾಡಿದ ಗಂಜಿಯನ್ನು ಮಾತ್ರ ಕುಡಿಯುತ್ತಿರಲಿಲ್ಲ. ಅವಳು ಬಿಸಿ ಮಾಡಿಕೊಟ್ಟಿದ್ದನ್ನೂ ತಿನ್ನುತ್ತಿರಲಿಲ್ಲ. ಅಡುಗೆಯಾಕೆ ಮಧ್ಯಾಹ್ನಕ್ಕೆ ಮುಂಚೆ ಮಾಡಿಟ್ಟು ಹೋದ ಅನ್ನ ಸಾರು ರಾತ್ರಿಯ ಹೊತ್ತಿಗೆ ತಣ್ಣಗೆ ಕೊರೆಯುತ್ತಿತ್ತು. ‘ಹಸಿವಿಲ್ಲ’ ಎಂದು ಮಲಗಿಬಿಡುತ್ತಿದ್ದರು. ಇನ್ಸುಲಿನ್ ಹಾಕಿಸಿಕೊಂಡು ಊಟ ಬಿಟ್ಟರೆ ಏನಾಗುತ್ತದೆ ಎಂಬುದು ಸಕ್ಕರೆ ಕಾಯಿಲೆಯವರಿರುವ ಮನೆಗಳಿಗೆಲ್ಲ ಗೊತ್ತು. ಒಂದು ರಾತ್ರಿ ಶುಗರ್ ಪೂರ್ತಿ ಇಳಿಯಿತು. ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತು. ಇನ್ನೂ ಎಚ್ಚರವಿತ್ತು, ನುಂಗುವ ಸ್ಥಿತಿಯಲ್ಲಿದ್ದರು. ಹುಡುಗಿ ಗ್ಲೂಕೋಸ್ ಕಲಸಿ ಚಮಚದಲ್ಲಿ ಕುಡಿಸಿದಳು. ಅರ್ಧ ಗಂಟೆಯಲ್ಲಿ ಚೇತರಿಸಿಕೊಂಡರು. ಚೇತರಿಸಿಕೊಂಡವರು ಮಗನನ್ನು ಕರೆದು ಕೇಳಿದ ಮೊದಲ ಮಾತು: ‘ನನ್ನ ಬಾಯಿಗೆ ಹಾಕಿದ್ದು ಯಾರು?’

ಡಾಕ್ಟರು ಮಗನಿಗೆ ಹೇಳಿ ನನ್ನ ಬಳಿ ಕಳಿಸಿದ್ದು ಆಮೇಲೆ.

ಮಗನಿಗೆ ಬೇಕಾಗಿದ್ದ ಪರಿಹಾರ ಸುಲಭದ್ದು. ‘ಮೇಡಂ, ಅಮ್ಮನಿಗೆ ವಯಸ್ಸಾಯ್ತು. ಈ ಕಾಲಕ್ಕೆ ಬದಲಾಗ್ತಾರಾ? ನಮ್ಮ ಪೈಕಿಯವರೇ ಒಬ್ಬರು ರಾತ್ರಿ ಅಡುಗೆಗೆ ಸಿಕ್ಕರೆ ಎಲ್ಲಾ ಸರಿ ಹೋಗುತ್ತೆ. ಅಲ್ಲೀವರೆಗೆ ಅಮ್ಮನಿಗೆ ಸ್ವಲ್ಪ ಧೈರ್ಯ ಹೇಳಿ ಸಾಕು.’ ನನ್ನದೇ ವೃತ್ತಿಯ ಕೆಲವು ಗೆಳೆಯರೂ ಇದೇ ಅರ್ಥದ ಮಾತು ಹೇಳಿದರು. ಆಪ್ತಸಲಹೆಗಾರರು ತಮ್ಮ ಮೌಲ್ಯಗಳನ್ನು ಬಂದವರ ಮೇಲೆ ಹೇರಬಾರದು, ಅವರ ನಂಬಿಕೆಯ ಒಳಗೇ ನಿಂತು ನೆಮ್ಮದಿ ಹುಡುಕಬೇಕು ಎಂದು. ಬಹಳ ವಿಷಯಗಳಲ್ಲಿ ನಾನೂ ಅದನ್ನು ಒಪ್ಪುತ್ತೇನೆ. ದೇವರು, ಮದುವೆ, ಆಸ್ತಿ, ಮಕ್ಕಳು ಬೇಕೋ ಬೇಡವೋ ಎಂಬಲ್ಲೆಲ್ಲ ನಾನು ತೀರ್ಪು ಕೊಡುವವಳಲ್ಲ. ಆದರೆ ಒಬ್ಬರ ನೆಮ್ಮದಿಗೆ ಇನ್ನೊಬ್ಬರ ಮಾನ ಬೆಲೆಯಾಗುವಲ್ಲಿ ನಾನು ತಟಸ್ಥಳಾಗಿ ಕೂರುವುದಿಲ್ಲ. ಅಲ್ಲಿ ಸುಮ್ಮನಿದ್ದರೆ ಒಂದು ಕಡೆ ವಾಲಿದಂತೆಯೇ. ಅಲ್ಲದೆ ಬೇರೆ ಅಡುಗೆಯವರನ್ನು ತಂದರೆ ಅಮ್ಮನ ಹೊಟ್ಟೆ ತುಂಬುತ್ತಿತ್ತು, ಅಷ್ಟೆ. ಅವರ ಸಿಟ್ಟು, ನಿದ್ದೆಗೇಡು, ಹಗಲೆಲ್ಲ ಆ ಹುಡುಗಿಯ ಮೇಲೆ ತಪ್ಪು ಹುಡುಕುವ ಚಟ ಎಲ್ಲವೂ ಹಾಗೇ ಉಳಿಯುತ್ತಿದ್ದವು. ತಮ್ಮ ಮೈಯನ್ನೆಲ್ಲ ಒಪ್ಪಿಸಿದ ಒಬ್ಬಳನ್ನು ದಿನವಿಡೀ ದೂರ ಇಡುವ ಕೆಲಸ ಅವರನ್ನು ಒಳಗೇ ದಣಿಸುತ್ತಿತ್ತು.

ವಾಕರ್ ಹಿಡಿದು ಹತ್ತು ಹೆಜ್ಜೆ ಇಡುವುದೇ ಕಷ್ಟವಿದ್ದಾಗ ಅವರನ್ನು ನನ್ನ ಕೊಠಡಿಗೆ ಕರೆಸುವಂತಿರಲಿಲ್ಲ. ನಾನೇ ಹೋಗುತ್ತಿದ್ದೆ. ಜಗಲಿಯಲ್ಲಿ ಕೂರುತ್ತಿದ್ದೆವು. ಮೊದಲ ಕೆಲವು ಭೇಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ನಮ್ಮನೇಲಿ ಯಾವ ಭೇದಾನೂ ಇಲ್ಲ’ ಎಂಬ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದರು. ಒಮ್ಮೆ ಬೇಲೂರಿನ ಮಾತು ಬಂತು. ಪ್ರತಿ ವರ್ಷ ತೇರಿಗೆ ಹೋದವರು ಅವರು. ‘ಬೇಲೂರು ಕೇಶವಂಗೆ ಮೆಟ್ಟು ಮಾಡಿಕೊಡೋರು ಅವರ ಪೈಕೀನೇ ಅಂತ ನಮ್ಮ ಹಿರೀಕರು ಹೇಳೋರು. ತೇರಿನ ದಿನ ಖಾಜಿಯೋರು ಬಂದು ಕುರಾನ್ ಓದ್ತಾರೆ. ನಮ್ಮ ಸೀಮೇಲಿ ಭೇದ ಎಂತದು ಹೇಳಿ’ ಎಂದರು. ಬೇಲೂರಿನ ಆ ಪದ್ಧತಿಯ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಇದೇ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನದ ಒಳಗೆ ಹೋಗಿದ್ದೇ ಊರಿಗೆ ಊರೇ ಬಿಗಿಯಾಗುವಂಥ ಗಲಾಟೆಯಾಯಿತು. ಎರಡೂ ಒಂದೇ ಜಿಲ್ಲೆಯ ಮಾತು. ತೇರಿನ ದಿನದ ಸಾಮರಸ್ಯವನ್ನು ತೋರಿಸಿ ಉಳಿದ ದಿನಗಳ ಲೆಕ್ಕ ಚುಕ್ತಾ ಮಾಡಲು ಆಗುವುದಿಲ್ಲ. ಅದನ್ನು ಅಮ್ಮನಿಗೆ ಆಗ ಹೇಳಲಿಲ್ಲ. ‘ಅವರು ಕೊಟ್ಟ ಮೆಟ್ಟನ್ನ ಕೇಶವ ತಗೊಳ್ತಾನೆ ಅಂದ ಹಾಗಾಯ್ತು’ ಎಂದೆ. ‘ದೇವರು ಅಲ್ವಾ’ ಎಂದರು.

ಇನ್ನೊಂದು ದಿನ ಆಸ್ಪತ್ರೆಯ ಬಗ್ಗೆ ಕೇಳಿದೆ. ಹಾಸನದಲ್ಲಿ ಆಪರೇಷನ್ ಆದ ಮೇಲೆ ವಾರವಿಡೀ ಯಾರ್ಯಾರೋ ನರ್ಸ್‌ಗಳು ಮಾತ್ರೆ ಕೊಟ್ಟಿದ್ದಾರೆ, ನೀರು ಕುಡಿಸಿದ್ದಾರೆ, ಗಂಜಿಯೂ ಅಲ್ಲಿಯ ಕ್ಯಾಂಟೀನಿನದೇ. ಆಗ ಕಷ್ಟವಾಗಲಿಲ್ಲವೇ?

‘ಅಲ್ಲಿ ಯಾರು ಎಂತ ಅಂತ ಗೊತ್ತಿರಲ್ವಲ್ಲ.’

ಈ ಮಾತನ್ನು ನಾನು ಬರೆದಿಟ್ಟುಕೊಂಡೆ. ಶುಚಿಯ ಮಾತು, ಕೈ ತೊಳೆಯುತ್ತಾರೋ ಇಲ್ಲವೋ ಎಂಬ ಮಾತು, ಮಾಂಸ ತಿನ್ನುತ್ತಾರೆ ಎಂಬ ಮಾತು (ಆ ಮನೆಯಲ್ಲೂ ತಿನ್ನುತ್ತಾರೆ) ಎಲ್ಲವೂ ಈ ಒಂದು ಉತ್ತರದಿಂದ ಬಿದ್ದುಹೋದವು. ಗಂಟಲಲ್ಲಿ ಗಂಜಿ ಇಳಿಯದಂತೆ ತಡೆಯುತ್ತಿದ್ದುದು ಹುಡುಗಿಯ ಕೈ ಅಲ್ಲ, ಆ ಹುಡುಗಿ ಯಾರ ಮಗಳು ಎಂದು ಅಮ್ಮನಿಗೆ ತಿಳಿದಿರುವುದು. ನರ್ಸಿಂಗ್ ಓದಿದ, ದಿನಕ್ಕೆ ಹತ್ತಾರು ಸಲ ಸೋಪು ಹಾಕಿ ಕೈ ತೊಳೆಯುವ ಹುಡುಗಿಯ ಬಗ್ಗೆ ಶುಚಿಯ ವಾದ ಹೂಡಿದರೆ ಅದು ನಿಲ್ಲುವುದೂ ಇಲ್ಲ.

ತಿರುವು ಬಂದ ಭೇಟಿಗೆ ಬರುತ್ತೇನೆ.

ಅವತ್ತು ಅಮ್ಮ ಮುಂಚೆಯೇ ಸಿದ್ಧವಾಗಿ ಕೂತಿದ್ದರು. ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ, ‘ನಿಮ್ಮ ಮನಸ್ಸಲ್ಲಿ ನಾನು ಕೆಟ್ಟೋಳು ಅಂತ ಇದೆ ಅಲ್ವಾ?’ ಎಂದರು. ಇಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ‘ಹಂಗಾದ್ರೆ ನಾನು ಅವರಿಗೆಲ್ಲ ಎಂತ ಕಡಿಮೆ ಮಾಡಿದೀನಿ ಹೇಳಿ’ ಎಂದು ಶುರು ಮಾಡಿದರು. ನೀವೇ ಹೇಳಿ ಅಮ್ಮ, ಬರೆದುಕೊಳ್ಳುತ್ತೇನೆ ಎಂದು ಪುಸ್ತಕ ತೆಗೆದೆ.

ಹುಡುಗಿಯ ಫೀಸು, ಅವಳ ಅಕ್ಕನ ಮದುವೆಗೆ ಸೀರೆ ಮತ್ತು ಅಕ್ಕಿ ಮೂಟೆ, ಲೈನಿನಲ್ಲಿ ಒಬ್ಬಳಿಗೆ ನಡುರಾತ್ರಿ ಹೆರಿಗೆ ನೋವು ಬಂದಾಗ ತಾವೇ ಜೀಪು ಹತ್ತಿ ಮೂಡಿಗೆರೆ ಆಸ್ಪತ್ರೆಗೆ ಸೇರಿಸಿದ್ದು, ಕೊರೊನಾ ಕಾಲದಲ್ಲಿ ಕೆಲಸವಿಲ್ಲದಿದ್ದರೂ ಪಡಿ ಕೊಟ್ಟಿದ್ದು, ದೀಪಾವಳಿಗೆ ಬಟ್ಟೆ. ಅಷ್ಟೂ ನಿಜ. ಆಮೇಲೆ ನಾನು ವಿಚಾರಿಸಿದಾಗ ಹುಡುಗಿಯೂ ಹೌದೆಂದಳು. ಪುಸ್ತಕದ ಒಂದು ಪುಟ ತುಂಬಿತು. ಪುಟ ತಿರುಗಿಸಿ ಹೊಸ ಹಾಳೆ ಮುಂದಿಟ್ಟುಕೊಂಡೆ.

‘ಅಮ್ಮ, ಇವೆಲ್ಲ ನೀವು ಕೊಟ್ಟಿದ್ದು. ಅವರು ಕೊಟ್ಟು ನೀವು ತಗೊಂಡಿದ್ದು ಏನಾದ್ರೂ ಇದ್ದರೆ ಅದನ್ನೂ ಬರ್ಕೊಳ್ತೀನಿ.’

‘ಕೆಲಸ’ ಎಂದರು. ಕೂಡಲೇ ತಾವೇ ತಲೆ ಅಲ್ಲಾಡಿಸಿದರು. ಕೂಲಿ ಕೊಟ್ಟು ಮಾಡಿಸಿಕೊಂಡ ಕೆಲಸವನ್ನು ತಗೊಂಡದ್ದು ಎನ್ನಲಾಗುವುದಿಲ್ಲ ಎಂದು ಅವರಿಗೇ ಹೊಳೆಯಿತು. ಲೆಕ್ಕ ಬಲ್ಲ ಹೆಂಗಸು.

ನಾನು ಕಾದೆ. ಬಹಳ ಹೊತ್ತಿನ ಮೇಲೆ, ‘ಒಂದ್ಸಲ ಸ್ವೀಟ್ ತಂದಿದ್ಲು’ ಎಂದರು.

ಹಾಸನದಲ್ಲಿ ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗ ಹುಡುಗಿ ಒಂದು ಡಬ್ಬಿ ಮೈಸೂರುಪಾಕು ತಂದಿದ್ದಳು. ಸ್ವೀಟ್ ಸ್ಟಾಲಿನವರು ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ. ಬಸ್ಸಿನಿಂದ ಇಳಿದವಳು ತನ್ನ ಮನೆಗೂ ಹೋಗದೆ ನೇರ ಇಲ್ಲಿಗೆ ಬಂದು ಜಗಲಿಯ ಕೆಳಗೆ ನಿಂತು, ‘ಅಮ್ಮಾ, ನೀವು ಓದಿಸಿದ್ದಕ್ಕೆ’ ಎಂದಳಂತೆ. ಅಮ್ಮ ಎರಡೂ ಕೈಯಲ್ಲಿ ಇಸಿದುಕೊಂಡರು, ಚೆನ್ನಾಗಿರು ಎಂದು ಹರಸಿದರು.

‘ಆಮೇಲೆ?’

‘ಕಣದ ಹತ್ರ ಹುಡುಗರು ಆಡ್ತಿದ್ರು. ಕರೆದು ಹಂಚಿಬಿಟ್ಟೆ.’

‘ನೀವು ಒಂದು ತುಣುಕು?’

ತಲೆ ಅಲ್ಲಾಡಿಸಿದರು. ‘ಅಂಗಡೀದು. ಅವಳು ಮುಟ್ಟೂ ಇರ್ಲಿಲ್ಲ ಅಂತ ಗೊತ್ತು. ಆದ್ರೂ ಮನಸ್ಸು ಬರ್ಲಿಲ್ಲ.’

ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಕಣದ ಹತ್ತಿರ ಆಡುತ್ತಿದ್ದುದು ಲೈನಿನ ಮಕ್ಕಳು. ಆ ಮಕ್ಕಳ ಮುಖ ಒಂದೊಂದಾಗಿ ಅವರಿಗೆ ನೆನಪಾಗುತ್ತಿದ್ದುದು ಕಾಣುತ್ತಿತ್ತು. ‘ಅವಳ ತಮ್ಮನೂ ಇದ್ದ’ ಎಂದರು. ‘ಎರಡು ತುಂಡು ಕೊಟ್ಟಿದ್ದೆ ಅವಂಗೆ. ಅಕ್ಕನ ಸಂಬಳದ್ದು ಕಣೋ ಅಂತ ಹೇಳೀನೇ ಕೊಟ್ಟೆ.’ ಮತ್ತೆ ತುಸು ಹೊತ್ತು ಬಿಟ್ಟು: ‘ಅವನು ಮನೆಗೆ ತಗೊಂಡು ಹೋಗಿರ್ತಾನೆ. ಹಂಗಾದ್ರೆ ಅವಳಿಗೆ ಅವತ್ತೇ ಗೊತ್ತಾಗಿದೆ.’

ಆಮೇಲೆ ಅವರು ಆಡಿದ ಮಾತೇ ಈ ಪ್ರಕರಣದಲ್ಲಿ ನನ್ನನ್ನು ಅಲ್ಲಾಡಿಸಿದ್ದು. ‘ಅದಾದ ಮೇಲೂ ಹಬ್ಬಕ್ಕೆ ಬರೋಳು, ಕಾಲಿಗೆ ಬೀಳೋಳು. ಆದ್ರೆ ಮತ್ತೆ ಒಂದ್ಸಲಾನೂ ಕೈಯಲ್ಲಿ ಎಂತದೂ ತರ್ಲಿಲ್ಲ. ಸಂಬಳ ಬರೋಕೆ ಶುರುವಾದ ಮೇಲೆ ಕೈ ಬಿಗಿಯಾಯ್ತು, ಉಪಕಾರ ಮರೆತ್ಲು ಅಂತ ನಾನು ಎಷ್ಟು ಜನರ ಹತ್ರ ಆಡ್ಕೊಂಡಿದೀನಿ ಗೊತ್ತಾ ಮೇಡಂ.’

ಪೂರ್ವಗ್ರಹ ಹೇಗೆ ಕೆಲಸ ಮಾಡುತ್ತದೆ ಎಂದು ತರಬೇತಿಗಳಲ್ಲಿ ಗಂಟೆಗಟ್ಟಲೆ ಹೇಳುತ್ತೇವೆ. ಈ ಅಮ್ಮನ ಮಾತಿನಲ್ಲಿ ಅದು ಪೂರ್ತಿ ಇತ್ತು. ಮೊದಲು ಕೊಟ್ಟದ್ದನ್ನು ಒಲ್ಲೆವು. ಒಲ್ಲದ್ದು ತಿಳಿದು ಆಕೆ ಕೊಡುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದನ್ನೇ ಹಿಡಿದು ‘ಈ ಜನವೇ ಹೀಗೆ, ಉಪಕಾರ ಸ್ಮರಣೆ ಇಲ್ಲ’ ಎಂದೆವು. ನಾವೇ ಉಂಟುಮಾಡಿದ ನಡವಳಿಕೆ ನಮ್ಮ ತೀರ್ಮಾನಕ್ಕೆ ಸಾಕ್ಷಿಯಾಗಿ ನಿಂತಿತು. ‘ಅವರು ನಮ್ಮ ಜೊತೆ ಬೆರೆಯುವುದಿಲ್ಲ’, ‘ಅವರಿಗೇ ಒಳಗೆ ಬರಲು ಇಷ್ಟವಿಲ್ಲ’, ‘ಅವರೇ ದೂರ ನಿಲ್ಲುತ್ತಾರೆ’ ಎಂದು ನಮ್ಮ ಕಡೆ ಹೇಳುವ ಮಾತುಗಳನ್ನೆಲ್ಲ ಹೀಗೊಮ್ಮೆ ಹಿಂದಕ್ಕೆ ತಿರುಗಿಸಿ ನೋಡಬೇಕು. ಆ ದೂರದ ಮೊದಲ ಹೆಜ್ಜೆಯನ್ನು ಯಾರು ಇಟ್ಟರು ಎಂದು ಕೇಳಿಕೊಳ್ಳಬೇಕು. ತೋಟದ ಕೆಲಸಕ್ಕೆ ಈಚೆಗೆ ಅಸ್ಸಾಮಿನಿಂದ ಬಂದವರ ಬಗ್ಗೆ ಕೇಳಿಬರುವ ಮಾತಿಗೂ ಇದು ಸಲ್ಲುತ್ತದೆ.

ಕೊಡುವುದನ್ನೇ ನಾವು ಸಮಾನತೆ ಎಂದುಕೊಂಡಿದ್ದೇವೆ. ಕೊಡುವುದರಲ್ಲಿ ದಯೆ ಇದೆ. ದಯೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ನಡುರಾತ್ರಿಯ ಆ ಜೀಪು ಇಲ್ಲದಿದ್ದರೆ ಆ ಬಾಣಂತಿಯ ಗತಿ ಏನಾಗುತ್ತಿತ್ತೋ. ಆದರೆ ಕೊಡುವಾಗ ನಮ್ಮ ಕೈ ಮೇಲೇ ಇರುತ್ತದೆ. ಜಾತಿಯ ಏಣಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ಈ ನೆಲದಲ್ಲಿ ಎಂದಿನಿಂದಲೂ ತೀರ್ಮಾನವಾಗಿದ್ದು ಯಾರ ಕೈಯ ನೀರನ್ನು, ಯಾರ ಮನೆಯ ಬೇಯಿಸಿದ ಅನ್ನವನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬುದರ ಮೇಲೆ. ಕೊಡುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹಾಗಾಗಿ ಎಷ್ಟು ಕೊಟ್ಟರೂ ಆ ಏಣಿ ಅಲುಗುವುದಿಲ್ಲ. ಒಬ್ಬರಿಂದ ತೆಗೆದುಕೊಳ್ಳಲು, ಅಂದರೆ ಅವರ ಕೈಯ ಅನ್ನ, ಅವರ ಸಲಹೆ, ಅವರ ತಿದ್ದುವಿಕೆ, ಅವರ ಉಡುಗೊರೆ ತೆಗೆದುಕೊಳ್ಳಲು ನಮಗೆ ಆಗುತ್ತದೆಯೇ ಎಂಬಲ್ಲಿ ಅವರನ್ನು ನಮ್ಮಷ್ಟೇ ಬೆಲೆಯ ಮನುಷ್ಯರೆಂದು ಕಂಡಿದ್ದೇವೋ ಇಲ್ಲವೋ ಗೊತ್ತಾಗುತ್ತದೆ. ಅದಕ್ಕೇ ಅಮ್ಮನಿಗೆ ಎರಡನೇ ಹಾಳೆ ತೋರಿಸಿದ್ದು.

ಮನಃಶಾಸ್ತ್ರದ ಕಡೆಯಿಂದಲೂ ಒಂದು ಮಾತು ಹೇಳಬೇಕು. ‘ನಾವು ತಲೆಮಾರುಗಳಿಂದ ಒಟ್ಟಿಗೇ ಬಾಳುತ್ತಿದ್ದೇವೆ, ನಮಗೆ ಪಾಠ ಬೇಡ’ ಎಂದು ತೋಟದ ಮನೆಗಳಲ್ಲಿ ಹೇಳುವುದುಂಟು. ಅಮೆರಿಕದ ಮನಃಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಎರಡು ಗುಂಪಿನವರು ಹತ್ತಿರವಿದ್ದ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲ. ಆ ಒಡನಾಟದಲ್ಲಿ ಇಬ್ಬರಿಗೂ ಸಮಾನ ಸ್ಥಾನವಿರಬೇಕು, ಇಬ್ಬರಿಗೂ ಬೇಕಾದ ಒಂದು ಗುರಿ ಇರಬೇಕು, ಅದಕ್ಕಾಗಿ ಒಬ್ಬರಿಗೊಬ್ಬರು ಕೈಜೋಡಿಸಬೇಕು, ಕಾನೂನು, ಸಂಸ್ಥೆ, ಹಿರಿಯರಂಥವರ ಬೆಂಬಲವೂ ಬೇಕು ಎಂದರು. ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಒಡನಾಟ ಸಾಮಾನ್ಯವಾಗಿ ಪೂರ್ವಗ್ರಹವನ್ನು ತಗ್ಗಿಸುತ್ತದೆ, ಈ ಷರತ್ತುಗಳು ಇದ್ದಲ್ಲಿ ಇನ್ನಷ್ಟು ತಗ್ಗಿಸುತ್ತದೆ ಎಂದು ಕಂಡುಬಂತು. ನಮ್ಮ ತೋಟಗಳನ್ನೇ ನೋಡಿ. ದೊಡ್ಡ ಮನೆಗೂ ಲೈನಿಗೂ ನಡುವೆ ಇರುವುದು ಒಂದು ಕೂಗಳತೆ. ಆದರೆ ಅಷ್ಟು ಹತ್ತಿರದಲ್ಲಿದ್ದೂ ಒಬ್ಬರು ಕೂಲಿ ಕೊಡುವವರು, ಇನ್ನೊಬ್ಬರು ಕೈ ಚಾಚುವವರು. ಸಮಾನ ಸ್ಥಾನದ ಒಡನಾಟ ಒಂದು ದಿನವೂ ಆಗಿರಲಿಲ್ಲ. ಹುಡುಗಿ ನರ್ಸ್ ಆಗಿ ಮನೆಯೊಳಗೆ ಕಾಲಿಟ್ಟಾಗ ಆ ಅವಕಾಶ ಬಂದಿತ್ತು. ಗುರಿಯೂ ಒಂದೇ ಇತ್ತು: ಅಮ್ಮ ಎದ್ದು ಓಡಾಡಬೇಕು. ಮನೆ ಅವಳನ್ನು ಮತ್ತೆ ಲೈನಿನ ಹುಡುಗಿಯನ್ನಾಗಿಯೇ ಇಡಲು ನೋಡುತ್ತಿತ್ತು.

ಹುಡುಗಿಯನ್ನು ನಾನು ಬೇರೆಯಾಗಿ ಭೇಟಿಯಾದೆ. ಅಮ್ಮನ ಮನಸ್ಸಿನ ಚಿಕಿತ್ಸೆಗೆ ಅವಳು ಸಾಧನವಾಗಕೂಡದು ಎಂಬುದು ನನ್ನ ಮೊದಲ ಕಾಳಜಿಯಾಗಿತ್ತು. ಹೆದರಿಕೆಗೆ ನಾವು ಕೊಡುವ ಅಭ್ಯಾಸಗಳಲ್ಲಿ ಹೆದರಿಸುವ ವಸ್ತುವಿನ ಎದುರು ಸ್ವಲ್ಪ ಸ್ವಲ್ಪವಾಗಿ ನಿಲ್ಲಿಸುತ್ತೇವೆ. ಇಲ್ಲಿ ಎದುರಿಗಿರುವುದು ಒಬ್ಬ ಮನುಷ್ಯಳು. ಪ್ರತಿ ಚಮಚಕ್ಕೂ ಅಮ್ಮನ ಮುಖ ಸಿಂಡರಿಸುವುದನ್ನು ಅವಳು ನೋಡುತ್ತ ಕೂರಬೇಕಾಗುತ್ತದೆ. ಅದನ್ನು ಅವಳ ಮೇಲೆ ಹೇರುವ ಹಕ್ಕು ನನಗಿಲ್ಲ. ಹೀಗೆ ಹೇಳಿದಾಗ ಅವಳ ಉತ್ತರ ನೆಟ್ಟಗಿತ್ತು. ‘ಮೇಡಂ, ಅವರನ್ನ ಬದಲಾಯಿಸೋಕೆ ನಾನು ಬಂದಿಲ್ಲ. ಇದು ಡ್ಯೂಟಿ. ಊಟ ಮಾಡದೇ ಇದ್ರೆ ಇನ್ಸುಲಿನ್ ಹಾಕೋಕೆ ನಂಗೆ ಕೈ ಬರಲ್ಲ. ಅವರು ತಿಂದ್ರೆ ಸಾಕು.’ ಮೈಸೂರುಪಾಕಿನ ವಿಷಯವನ್ನು ನಾನು ಎತ್ತಲಿಲ್ಲ. ಅವಳೇ ಬೇರೊಂದು ಹೇಳಿದಳು. ‘ಹಾಸನದಲ್ಲಿ ಎಲ್ಲರೂ ಸಿಸ್ಟರ್ ಅಂತಿದ್ರು. ಇಲ್ಲಿ ಮತ್ತೆ ‘ಬಾರೇ, ಹೋಗೇ’ ಆಯ್ತು.’

ನಾನು ಕೊಟ್ಟ ಸಲಹೆಗಳನ್ನು ಕಾರಣಸಹಿತ ಹೇಳುತ್ತೇನೆ, ಏಕೆಂದರೆ ಇವುಗಳಲ್ಲಿ ಕೆಲವು ಅಮ್ಮನಿಗೂ ಮಗನಿಗೂ ಹಿಡಿಸಲಿಲ್ಲ.

ಮನಸ್ಸು ಬದಲಾಗಲಿ, ಆಮೇಲೆ ಗಂಜಿ ಕುಡಿಯುತ್ತೇನೆ ಎಂದು ಕಾಯಬೇಡಿ ಎಂದೆ. ಹೇಸಿಗೆ ಎಂಬುದು ಹುಟ್ಟಿನಿಂದ ಬಂದದ್ದಲ್ಲ. ಅಂಬೆಗಾಲಿಡುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಯಾವುದಕ್ಕೆ ಮುಖ ಸಿಂಡರಿಸಬೇಕು ಎಂಬುದನ್ನು ಅದು ದೊಡ್ಡವರ ಮುಖ ನೋಡಿ ಕಲಿಯುತ್ತದೆ. ಹೀಗೆ ಮೈಗೆ ಹತ್ತಿದ ಪಾಠವನ್ನು ವಾದದಿಂದ ಬಿಡಿಸಲಾಗದು, ಮೈಯೇ ಬೇರೆ ಪಾಠ ಕಲಿಯಬೇಕು. ಮೊದಲ ದಿನ ಹೊಟ್ಟೆ ತೊಳೆಸಬಹುದು. ಅದನ್ನು ‘ನೋಡಿ, ನನಗೆ ಆಗಲ್ಲ’ ಎಂಬುದಕ್ಕೆ ಪುರಾವೆ ಮಾಡಿಕೊಳ್ಳಬೇಡಿ, ಹಳೆಯ ಅಭ್ಯಾಸ ಹಟ ಮಾಡುತ್ತಿದೆ ಎಂದಷ್ಟೇ ತಿಳಿಯಿರಿ ಎಂದೆ. ಹುಡುಗಿಯ ಒಪ್ಪಿಗೆಯಂತೆ, ಮೊದಲ ಕೆಲವು ದಿನ ಗಂಜಿ ಇಟ್ಟು ಅವಳು ಹೊರಗೆ ಹೋಗುವುದೆಂದಾಯಿತು. ಅವಳ ಮುಂದೆ ಮುಖ ಕಿವುಚುವಂತಾಗಬಾರದು.

ಕ್ಷಮೆಯ ವಿಷಯ. ಮೈಸೂರುಪಾಕಿನ ಮಾತಾದ ಮರುದಿನವೇ ಹುಡುಗಿಯನ್ನು ಕರೆದು, ಕೈ ಹಿಡಿದು ಅತ್ತುಬಿಡಬೇಕು ಎಂದು ಅಮ್ಮನಿಗೆ ಅನ್ನಿಸಿತ್ತು. ಬೇಡ ಎಂದೆ. ಮಗನಿಗೆ ಇದು ಕಲ್ಲೆದೆಯ ಮಾತಾಗಿ ಕಂಡಿತು. ನನ್ನ ಕಾರಣ ಇದು. ಯಜಮಾನಿತಿ ಅತ್ತರೆ ಆಳಿನ ಮಗಳು ಸಮಾಧಾನ ಮಾಡಲೇಬೇಕಾಗುತ್ತದೆ. ‘ಬಿಡಿ ಅಮ್ಮಾ, ನಂಗೇನೂ ಬೇಜಾರಿಲ್ಲ’ ಎನ್ನಲೇಬೇಕಾಗುತ್ತದೆ. ಅವಳಿಗೆ ಬೇಜಾರಿದೆಯೋ ಇಲ್ಲವೋ ಹೇಳುವ ಸ್ವಾತಂತ್ರ್ಯವೇ ಅಲ್ಲಿ ಇರುವುದಿಲ್ಲ. ಅಮ್ಮನ ಎದೆ ಹಗುರಾಗುತ್ತದೆ, ಭಾರ ಅವಳಿಗೆ ಹೋಗುತ್ತದೆ. ಹೇಳಲೇಬೇಕೆಂದಿದ್ದರೆ ಕೆಲವು ವಾರ ಅವಳ ಕೈಯ ಊಟ ಉಂಡ ಮೇಲೆ ಹೇಳಿ. ಆದದ್ದನ್ನು ಹೆಸರಿಟ್ಟು ಹೇಳಿ: ನೀನು ತಂದ ಸ್ವೀಟನ್ನು ನಾನು ತಿನ್ನಲಿಲ್ಲ, ಅದು ತಪ್ಪು. ಕ್ಷಮಿಸಿದೆಯಾ ಎಂದು ಕೇಳಬೇಡಿ. ಉತ್ತರಕ್ಕೆ ಕಾಯಬೇಡಿ.

ಕರೆಯುವುದನ್ನು ಬದಲಿಸಿಕೊಳ್ಳಲು ಹೇಳಿದೆ. ಹೆಸರು ಹಿಡಿದು ಅಥವಾ ಸಿಸ್ಟರ್ ಎಂದು. ಚಿಕ್ಕಂದಿನಿಂದ ನೋಡಿದ ಹುಡುಗಿ, ಪ್ರೀತಿಯಿಂದಲೇ ‘ಬಾರೇ’ ಎನ್ನುತ್ತೇನೆ ಎಂದರು ಅಮ್ಮ. ಪ್ರೀತಿಯಿರಬಹುದು. ಆದರೆ ಪಕ್ಕದ ತೋಟದವರ ಮಗಳು ಡಾಕ್ಟರಾಗಿ ಬಂದಾಗ, ಅವಳನ್ನೂ ತೊಟ್ಟಿಲಿನಿಂದ ನೋಡಿದ್ದರೂ, ‘ಬನ್ನಿ ಡಾಕ್ಟ್ರೇ’ ಎಂದು ತಾವು ಕರೆದದ್ದನ್ನು ಅವರೇ ಹಿಂದೊಮ್ಮೆ ನನಗೆ ಹೇಳಿದ್ದರು. ಅದನ್ನು ನೆನಪಿಸಿದೆ.

ಸಂಬಳದ ಮಾತು ಮಗನ ಜೊತೆ ಆಡಿದೆ. ‘ಮನೆ ಹುಡುಗಿ’ ಎಂಬ ಕಾರಣಕ್ಕೆ, ಓದಿಸಿದ ಋಣವಿದೆ ಎಂಬ ಲೆಕ್ಕದಲ್ಲಿ, ಬೇರೆ ಹೋಂ ನರ್ಸ್‌ಗೆ ಕೊಡುವುದರ ಅರ್ಧವನ್ನಷ್ಟೇ ಕೊಡುತ್ತಿದ್ದರು. ವಾರದ ರಜೆಯೂ ಇರಲಿಲ್ಲ. ಇದು ಆಪ್ತಸಲಹೆಯ ವ್ಯಾಪ್ತಿಗೆ ಬರುತ್ತದೆಯೇ ಎಂದು ಅವರು ಕೇಳಿದರು. ಬರುತ್ತದೆ. ಫೀಸು ಕಟ್ಟಿದ್ದು ದಾನವಾಗಿದ್ದರೆ ಅದು ಅಂದೇ ಮುಗಿಯಿತು. ಸಾಲವಾಗಿದ್ದರೆ ಅಂದೇ ಹೇಳಬೇಕಿತ್ತು. ಋಣದ ಹೆಸರಲ್ಲಿ ಕಡಿಮೆ ಕೊಟ್ಟು ‘ನೀನು ನಮ್ಮವಳು’ ಎಂದರೆ ಆ ‘ನಮ್ಮವಳು’ಗೆ ಅರ್ಥವಿಲ್ಲ. ಸಮಾನ ಬೆಲೆ ಎಂಬುದು ಭಾವನೆಯಾಗಿ ಮನಸ್ಸಿನಲ್ಲಿದ್ದರೆ ಸಾಲದು, ಸಂಬಳದ ಪುಸ್ತಕದಲ್ಲೂ ಕಾಣಬೇಕು. ಎರಡು ತಿಂಗಳು ಎಳೆದಾಡಿ ಸರಿಮಾಡಿದರು.

ಕಾನೂನಿನ ಬಗ್ಗೆಯೂ ಓದುಗರು ತಿಳಿದಿರಬೇಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರ ಕಾಯ್ದೆ, ಈಗ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು, ಹೋಟೆಲು, ಅಂಗಡಿ, ದೇವಸ್ಥಾನ, ಬಾವಿ, ಆಸ್ಪತ್ರೆಗಳಲ್ಲಿ ಭೇದ ಮಾಡುವುದನ್ನು ಅಪರಾಧವೆನ್ನುತ್ತದೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಇದೆ, 14566 ಎಂಬ ಸಹಾಯವಾಣಿ ಇದೆ. ಅನ್ಯಾಯವಾದವರು ಇವುಗಳನ್ನು ಬಳಸಿಕೊಳ್ಳಬೇಕು, ಬಳಸಿಕೊಳ್ಳಿ ಎಂದು ನಾನು ಧೈರ್ಯವನ್ನೂ ಕೊಡುತ್ತೇನೆ. ಆದರೆ ಒಬ್ಬರ ಕೈಯ ಗಂಜಿಯನ್ನು ಇನ್ನೊಬ್ಬರು ಕುಡಿಯಲೇಬೇಕು ಎಂದು ಯಾವ ಕಾನೂನೂ ಹೇಳಲಾರದು. ಅಡುಗೆಮನೆಯ ಒಳಗಿನ ಕೆಲಸ ಮನೆಯವರದೇ. ಅದಕ್ಕೇ ನನ್ನಂಥವರು ಅಲ್ಲಿ ತಟಸ್ಥರಾಗಿರುವುದು ಸರಿಯಲ್ಲ ಎನ್ನುತ್ತೇನೆ. ಕುವೆಂಪು ಹುಟ್ಟಿದ್ದು ಇದೇ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರ ಜನ್ಮದಿನ ಡಿಸೆಂಬರ್ 29ನ್ನು ವಿಶ್ವಮಾನವ ದಿನವೆಂದು ಸರ್ಕಾರವೇ ಆಚರಿಸುತ್ತದೆ, ಶಾಲೆಗಳಲ್ಲಿ ಮಕ್ಕಳು ಭಾಷಣ ಮಾಡುತ್ತಾರೆ. ಭಾಷಣ ಮುಗಿಸಿ ಮನೆಗೆ ಬಂದ ಮಗು ಕೆಲಸದವರ ಲೋಟವನ್ನು ಹಿತ್ತಿಲಿನ ಕಿಟಕಿಯ ಮೇಲೆ ನೋಡುತ್ತದೆ. ಭಾಷಣ, ಲೋಟ ಎರಡರಲ್ಲಿ ಮಗು ಯಾವುದನ್ನು ನಂಬುತ್ತದೆ ಎಂಬುದನ್ನು ತಂದೆತಾಯಿಯರು ಯೋಚಿಸಬೇಕು.

ಈ ಮನೆಯಲ್ಲಿ ಮುಂದೇನಾಯಿತು ಎಂದು ಕೇಳುವವರಿಗೆ: ಅಮ್ಮ ಗಂಜಿ ಕುಡಿದರು. ಮೊದಲ ದಿನ ಎರಡು ಚಮಚ, ಉಳಿದದ್ದನ್ನು ತಟ್ಟೆ ಮುಚ್ಚಿ ಇಟ್ಟರಂತೆ. ವಾರಗಳು ಕಳೆದಂತೆ ರಾತ್ರಿಯ ಅಕ್ಕಿರೊಟ್ಟಿ, ಪಲ್ಯದವರೆಗೂ ಬಂತು. ಶುಗರ್ ಹತೋಟಿಗೆ ಬಂತು, ನಿದ್ದೆಯೂ ಬಂತು. ಕ್ಷಮೆಯ ಮಾತನ್ನು ಆಡಿದರಂತೆ. ಹುಡುಗಿ ‘ಹೂಂ’ ಎಂದಷ್ಟೇ ಹೇಳಿ ಬಿಪಿ ನೋಡಿದಳಂತೆ. ಅಮ್ಮನಿಗೆ ಅದು ಸಾಲದೆನ್ನಿಸಿತು, ನನ್ನ ಹತ್ತಿರ ದೂರಿದರು. ಸಾಕು ಎಂದೆ. ಅವಳ ‘ಹೂಂ’ ಅವಳದು.

ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಬೀಗರು ಬಂದಾಗ ಅಮ್ಮ ಈಗಲೂ ಅಡುಗೆಯಾಕೆಯನ್ನು ರಾತ್ರಿಯವರೆಗೆ ಉಳಿಸಿಕೊಳ್ಳುತ್ತಾರೆ. ಹುಡುಗಿ ಬಡಿಸುವುದನ್ನು ಅವರು ನೋಡಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕು. ನನ್ನ ಅನುಭವದಲ್ಲಿ ಬಹಳ ಮನೆಗಳು ನಿಲ್ಲುವುದು ಇಲ್ಲೇ. ಒಳಗಿನ ಹೇಸಿಗೆ ಹೋದ ಮೇಲೂ ನಾಲ್ಕು ಜನರ ಕಣ್ಣಿನ ಭಯ ಉಳಿದುಕೊಳ್ಳುತ್ತದೆ. ಕೆಲವೊಮ್ಮೆ ಹೇಸಿಗೆಗಿಂತ ಅದೇ ಗಟ್ಟಿ. ಬೀಗರ ಎದುರು ಮಾತಾಡಬೇಕಾದವನು ಮಗ ಎಂದು ಹೇಳಿದ್ದೇನೆ. ಮುಂದಿನ ಭೇಟಿಗೆ ಅವನೂ ಕೂರಲು ಒಪ್ಪಿದ್ದಾನೆ.